ಕಾಯಿಸಿದ ನೀರು

ಕೆಳದಂಡೆ,
೨೧೮೯ನೆಯ ಇಸವಿ, ಫೆಬ್ರವರಿ ೩೦, ಬೆಳಿಗ್ಗೆ

ಮೈಕಿನ ಮುಂದೆ ನಿಂತು ಊರಿಗೆ ರೋಗದ ಸುದ್ದಿ ಹೇಳುವ ಕೆಲಸದಲ್ಲಿರುವ ನಿಮಗೆ,

ಮೊದಲು ನಡೆದ ಅನ್ಯಾಯವನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ವಾಂತಿಭೇದಿ ಹಬ್ಬಿದಾಗ ನಮ್ಮೂರಿಗೆ ಸಾರಿದ ಸುದ್ದಿಯಲ್ಲಿ ಒಂದು ಪದ ಜನರಿಗೆ ತಪ್ಪಾಗಿ ತಲುಪಿತ್ತು. ಅದು ತಪ್ಪಾಗಿ ತಲುಪಿದೆ ಎಂಬುದು ಆರೋಗ್ಯದ ಕಚೇರಿಗೆ ಮೂರನೆಯ ದಿನವೇ ಗೊತ್ತಾಯಿತು. ಅವರು ತಿದ್ದಲಿಲ್ಲ. ಮುಂದಿನ ಹನ್ನೊಂದು ದಿನಗಳಲ್ಲಿ ಕೆಳದಂಡೆಯಲ್ಲಿ ಅರವತ್ತಮೂರು ಜನ ಸತ್ತರು. ಇವತ್ತಿಗೂ ಊರಿಗೆ ಆ ಮಾತು ಹೇಳಿಲ್ಲ. ಆ ಪದವನ್ನು ಊರಿಗೆ ಕೂಗಿ ಹೇಳಿದ ದನಿ ನನ್ನದು.

ತಾರೀಖು ನೋಡಿ ಇದು ಯಾರೋ ತಮಾಷೆಗೆ ಬರೆದದ್ದು ಎಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಬಲ್ಲೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಕಾಲುವೆ ನೀರಿನ ಪಾಳಿಯನ್ನು ತಿಂಗಳು ತಿಂಗಳಿಗೂ ಸಮವಾಗಿ ಹಂಚಬೇಕೆಂದು ಮಾರ್ಚಿನಿಂದ ಒಂದು ದಿನ, ಮೇ ತಿಂಗಳಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಸೇರಿಸಿದರು. ನಮ್ಮ ಈ ದಿನ ನಿಮ್ಮ ಲೆಕ್ಕಕ್ಕೆ ಮಾರ್ಚ್ ಎರಡು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದ ಕ್ಷಮೆಯನ್ನು ಬೇರೆಯವರಿಗೆಂದು ಎತ್ತಿಟ್ಟಿದ್ದೇನೆ.

ನನ್ನ ಹೆಸರು ಹುಲಿಗೆಮ್ಮ, ವಯಸ್ಸು ಇಪ್ಪತ್ತೊಂದು. ಕೆಲಸ ಸಾರುವುದು. ನಿಮ್ಮ ಅಂಗೈಯಲ್ಲಿದ್ದಂಥ ಪರದೆಗಳು ನಮ್ಮಲ್ಲೂ ಇವೆ, ಆದರೆ ಅವುಗಳಲ್ಲಿ ಬರುವ ಸುದ್ದಿಯನ್ನು ಯಾರೂ ನಂಬುವುದಿಲ್ಲ. ಯಾರ ಮುಖ ಬೇಕಾದರೂ ಯಾರ ದನಿಯಲ್ಲಿ ಬೇಕಾದರೂ ಏನು ಬೇಕಾದರೂ ಹೇಳುವಂತೆ ಮಾಡಲು ಬಂದ ಮೇಲೆ ಜನ ಬೇಸತ್ತು ಒಂದು ಕಾನೂನು ಮಾಡಿಕೊಂಡರು: ರೋಗ, ಬೆಂಕಿ, ನೀರು, ಈ ಮೂರರ ಸುದ್ದಿಯನ್ನು ಮೈಮುಟ್ಟಿ ನೋಡಬಹುದಾದ ಮನುಷ್ಯರೊಬ್ಬರು ಊರಿನ ಎದುರು ನಿಂತು ಹೇಳಬೇಕು. ಹಾಗೆ ನಿಲ್ಲುವ ಜಾಗಕ್ಕೆ ಸಾರುಗಂಬ ಎನ್ನುತ್ತೇವೆ. ನೀರಿನ ಟಾಕಿಯ ಪಕ್ಕದಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಒಂದು ಕಂಬ, ಕಂಬಕ್ಕೊಂದು ದನಿ ದೂರ ಒಯ್ಯುವ ತಗಡಿನ ಕೊಳವೆ. ಪ್ರತಿದಿನ ಸಂಜೆ ನಾಲ್ಕೂವರೆಗೆ ನಾನು ಅಲ್ಲಿರುತ್ತೇನೆ. ಹೆಂಗಸರು ಅವರೆಕಾಯಿ ಬಿಡಿಸುತ್ತ, ಗಂಡಸರು ಬೀಡಿ ಮರೆಮಾಡುತ್ತ ಕೂತಿರುತ್ತಾರೆ.

ನನಗೆ ಈ ಕೆಲಸ ಕಲಿಸಿದವನು ಮಾರ್ಕಂಡಪ್ಪಜ್ಜ. ಅವನ ಕಾಲದಲ್ಲಿ ಸಾರಿದ ಮೇಲೆ ಮರುನುಡಿ ಎಂಬುದೊಂದು ಇತ್ತು. ಸುದ್ದಿ ಮುಗಿದ ಮೇಲೆ ಅಜ್ಜ ಗುಂಪಿನಲ್ಲಿ ಯಾರಾದರೂ ಮೂವರ ಕಡೆ ಬೆರಳು ತೋರಿಸುತ್ತಿದ್ದ. ಅವರು ಎದ್ದು ನಿಂತು, ಈಗ ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಒಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ. "ನಾ ಏನು ಹೇಳಿದೆ ಅನ್ನೋದು ನನಗ ಬ್ಯಾಡ, ನೀ ಏನು ಕೇಳಿಸಿಕೊಂಡಿ ಅದನ್ನ ಹೇಳು" ಎನ್ನುತ್ತಿದ್ದ. ನಾಲ್ಕು ವರ್ಷದ ಹಿಂದೆ ಕಚೇರಿಯವರು ಸಮಯ ಹಾಳೆಂದು ಮರುನುಡಿಯನ್ನು ನಿಲ್ಲಿಸಿದರು. ಅಜ್ಜ ಅದೇ ವಾರ ಕೆಲಸ ಬಿಟ್ಟ. ನಾನು ಖುಷಿಪಟ್ಟೆ, ಏಕೆಂದರೆ ಮನೆಗೆ ಬೇಗ ಹೋಗಬಹುದಿತ್ತು. ಇದನ್ನೂ ಬರೆದಿಡಬೇಕು.

ನಿಮ್ಮ ಪರಿಚಯ ನನಗೆ ಹೇಗಾಯಿತೆಂದರೆ, ನಮ್ಮೂರ ಓದುಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ತುಂಬ ನಿಮ್ಮ ಕಾಲದ ಕರಪತ್ರಗಳು. ನಾನು ಶಾಲೆ ಕಲಿತದ್ದು ಕಡಿಮೆ. ಓದಿದ್ದೆಲ್ಲ ಆ ಪೆಟ್ಟಿಗೆಯಲ್ಲೇ. ರೋಗಗಳ ಬಗ್ಗೆ ಊರೂರಿಗೆ ಹಂಚಿದ ಕರಪತ್ರಗಳೇ ನಲವತ್ತೇಳು ಇವೆ. ಅವುಗಳಲ್ಲಿ ಮೂವತ್ತೊಂದು ಒಂದೇ ಮಾತಿನಿಂದ ಶುರುವಾಗುತ್ತವೆ: ಸಾರ್ವಜನಿಕರು ಆತಂಕ ಪಡುವ ಅಗತ್ಯವಿಲ್ಲ. ಮನೆಯಲ್ಲಿ ಹೆಣ ಇಟ್ಟುಕೊಂಡವರ ಕೈಗೂ ಈ ಕಾಗದವನ್ನೇ ಕೊಟ್ಟಿದ್ದೀರಿ ಎಂದುಕೊಂಡಾಗ ನನಗೆ ಮೈ ಉರಿಯಿತು. ಆತಂಕ ಪಡಬೇಕೋ ಬೇಡವೋ ಎಂದು ನಿಮ್ಮನ್ನು ಯಾರೂ ಕೇಳಿರಲಿಲ್ಲ. ಏನು ಮಾಡಬೇಕೆಂದು ಕೇಳಿದ್ದರು.

ಆದರೆ ನಲವತ್ತೇಳರಲ್ಲಿ ಒಂದು ಬೇರೆ. ಯಾವ ಊರಿನದೋ ತಿಳಿಯದು, ತಲೆಬರಹ ಹರಿದುಹೋಗಿದೆ. ಅದರಲ್ಲಿ ಹೀಗಿದೆ: "ನಮಗೆ ಗೊತ್ತಿರುವುದು ಇಷ್ಟು. ಇದು ಇನ್ನೂ ಗೊತ್ತಾಗಿಲ್ಲ. ಗುರುವಾರ ಇದೇ ಜಾಗದಲ್ಲಿ ಮತ್ತೆ ಹೇಳುತ್ತೇವೆ." ಅದರ ಕೆಳಗೆ ಒಂದು ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಕೈಬರಹದಲ್ಲಿ, "ಸೋಮವಾರ ಹೇಳಿದ್ದು ತಪ್ಪಾಗಿತ್ತು, ಸರಿಯಾದುದು ಇದು" ಎಂದು ಬರೆದು ಸಹಿ ಮಾಡಿದ್ದಾರೆ. ಸಹಿ ಓದಲು ಬರುವುದಿಲ್ಲ. ಆ ಕಾಗದ ನನಗೆ ಬಾಯಿಪಾಠ. ನಿಜವಾಗಿ ಈ ಪತ್ರವನ್ನು ನಾನು ಆ ಸಹಿಗೆ ಬರೆಯುತ್ತಿದ್ದೇನೆ. ಹಿಂದಕ್ಕೆ ಹೋಗುವ ಅಂಚೆ ಇಲ್ಲವೆಂದು ಗೊತ್ತು. ನೂರೈವತ್ತು ವರ್ಷ ದಾಟಿ ಒಂದು ಕಾಗದ ನನ್ನ ತನಕ ಬಂದಿದೆಯಲ್ಲ, ನನ್ನದೂ ಒಂದು ಆ ಪೆಟ್ಟಿಗೆಯಲ್ಲಿರಲಿ.

ಈಗ ಆ ಪದ.

ನಮ್ಮೂರಿಗೆ ಇರುವುದು ಕಾಲುವೆಯ ನೀರೊಂದೇ. ಅದು ಬರುವುದು ಚಹಾದ ಬಣ್ಣದಲ್ಲಿ. ಅದಕ್ಕೇ ಪ್ರತಿ ಮನೆಯಲ್ಲೂ ಎರಡು ಗಡಿಗೆ, ಒಂದು ಕಾಯೋ ಗಡಿಗೆ, ಇನ್ನೊಂದು ಕುಡಿಯೋ ಗಡಿಗೆ. ಬೆಳಿಗ್ಗೆ ತಂದ ನೀರನ್ನು ಕಾಯೋ ಗಡಿಗೆಗೆ ಸುರಿದು ಮರುದಿನದವರೆಗೆ ಅಲುಗಿಸದೆ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಕುಡಿಯೋ ಗಡಿಗೆಗೆ ಬಸಿಯುತ್ತೇವೆ. ಇದಕ್ಕೆ ನಾವು ನೀರು ಕಾಯಿಸುವುದು ಎನ್ನುತ್ತೇವೆ. ಮೂರು ತಲೆಮಾರಿನಿಂದ ಈ ಊರಿನಲ್ಲಿ ಆ ಮಾತಿಗೆ ಬೇರೆ ಅರ್ಥವಿಲ್ಲ. ಮನೆಗಳಲ್ಲಿ ಒಲೆಯೂ ಇಲ್ಲ. ಸೌದೆ, ಗ್ಯಾಸು ಎರಡೂ ಮುಗಿದ ಮೇಲೆ ಓಣಿಗೊಂದು ಕೂಡಡಿಗೆ ಆಯಿತು. ಅಂದರೆ ಬಿಸಿಲು ಹಿಡಿಯುವ ದೊಡ್ಡ ತಟ್ಟೆಗಳ ಕೆಳಗೆ ಇಡೀ ಓಣಿಯ ಅಡಿಗೆ ಒಟ್ಟಿಗೆ ಆಗುವ ಜಾಗ. ರೊಟ್ಟಿ, ಸಾರು ಅಲ್ಲಿಂದ ಬರುತ್ತವೆ, ನೀರು ಮಾತ್ರ ಮನೆಯ ಗಡಿಗೆಯದು.

ರೋಗ ಶುರುವಾದ ದಿನ ಕಚೇರಿಯಿಂದ ನನ್ನ ಕೈಗೆ ಬಂದ ಕಾಗದದಲ್ಲಿ ಇದ್ದದ್ದು ಒಂದೂವರೆ ಸಾಲು. "ಕಾಲುವೆಯ ನೀರನ್ನು ಕಾಯಿಸಿ ಕುಡಿಯಿರಿ. ಆತಂಕ ಪಡುವ ಅಗತ್ಯವಿಲ್ಲ." ಬರೆದವರು ಸುಧೀಂದ್ರ ಎಂಬವರು, ರಾಜಧಾನಿಯಿಂದ ಬಂದ ಆರೋಗ್ಯದ ಹೊಣೆಗಾರರು. ಅಧಿಕಾರಿ ಎಂಬ ಪದದಲ್ಲಿ ದರ್ಪ ಇದೆ ಎಂದು ಅರವತ್ತು ವರ್ಷದ ಹಿಂದೆ ಅದನ್ನು ತೆಗೆದು ಹೊಣೆಗಾರ ಎಂದು ಮಾಡಿದರು. ಪದವನ್ನಷ್ಟೇ ಬದಲಿಸಿದರು. ರಾಜಧಾನಿಯ ಮನೆಗಳಲ್ಲಿ ಇನ್ನೂ ಒಲೆಗಳಿವೆ. ಅಲ್ಲಿ ಕಾಯಿಸುವುದೆಂದರೆ ಬಿಸಿ ಮಾಡುವುದು.

ನಾನು ಓದಿದೆ. ನನಗೂ ಅದು ಗಡಿಗೆಯ ಮಾತಾಗಿಯೇ ಕೇಳಿಸಿತು. ಇಷ್ಟು ಸುಲಭವೇ ಎಂದು ಸಮಾಧಾನವಾಯಿತು. ಮರುನುಡಿ ಇದ್ದಿದ್ದರೆ ಮುಂದಿನ ಸಾಲಿನಲ್ಲಿ ಕೂತ ಯಾರಾದರೂ ಎದ್ದು "ಒಂದ ದಿನ ಗಡಿಗ್ಯಾಗ ಬಿಡಬೇಕಂತ್ರೀ" ಎನ್ನುತ್ತಿದ್ದರು. ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೊಣೆಗಾರರು ಬೆಚ್ಚಿಬೀಳುತ್ತಿದ್ದರು. ಐದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು.

ನನ್ನನ್ನು ಸಾಕಿದವಳು ನನ್ನ ಸೋದರತ್ತೆ ದುರುಗವ್ವ. ದಿನಾ ಸಂಜೆ ಮುಂದಿನ ಸಾಲಿನಲ್ಲಿ ಕೂತು, ನಾನು ಎಲ್ಲಿ ನುಂಗಿದೆ, ಎಲ್ಲಿ ತೊದಲಿದೆ ಎಂದು ಮನೆಯ ತನಕ ಬೈಯುತ್ತ ಬರುತ್ತಿದ್ದಳು. ಅವತ್ತು ಬೈಯಲಿಲ್ಲ.

"ಬ್ಯಾನಿ ದೊಡ್ಡದೈತಿ ಹುಲಿಗೀ. ಒಂದ ದಿನ ಸಾಲಂಗಿಲ್ಲ. ಎರಡ ದಿನ ಕಾಯಸೋಣು" ಎಂದಳು.

"ಎರಡ ದಿನ ಕಾಯ್ದರ ನೀರು ಸಿಟ್ಟಿಗೇಳತದ ಅತ್ತಿ."

"ಏಳಲಿ ಬಿಡು. ನಾವು ನಿಮ್ಮ ಕಚೇರಿ ಮುಂದ ಎಷ್ಟ ದಿನ ಕಾಯ್ದೀವಿ. ನೀರೂ ಒಂದೀಟು ಕಾಯಲಿ, ನಮ್ಮಂಗ ತಣ್ಣಗಾಗತದ."

ಇಡೀ ಓಣಿಗೆ ಹೋಗಿ ಎರಡು ದಿನ ಕಾಯಿಸಿ ಎಂದು ಹೇಳಿಬಂದಳು. ನಮ್ಮ ಓಣಿಯಷ್ಟು ಶಿಸ್ತಿನಿಂದ ಸರ್ಕಾರದ ಮಾತನ್ನು ಪಾಲಿಸಿದವರು ಇನ್ನಿಲ್ಲ. ಒಂಬತ್ತನೆಯ ದಿನ ಅತ್ತೆ ತೀರಿಕೊಂಡಳು. ಕೊನೆಗೆ ದನಿ ಇರಲಿಲ್ಲ, ತುಟಿ ಅಲ್ಲಾಡುತ್ತಿತ್ತು. ಕಿವಿ ಹತ್ತಿರ ಒಯ್ದೆ. "ಮೂರ ದಿನ ಕಾಯಸಬೇಕಿತ್ತೇನೋ, ನಾನ ತಪ್ಪಿದೆ" ಎಂದಳು. ನಾನು ಬದುಕಿದ್ದು ಕಚೇರಿಯ ಚಹಾದಿಂದ. ಹಗಲೆಲ್ಲ ಅಲ್ಲೇ ಇದ್ದು ಅದನ್ನೇ ಕುಡಿಯುತ್ತಿದ್ದೆ. ಚಹಾದ ನೀರು ಕುದ್ದದ್ದು, ಅದೇ ನನ್ನನ್ನು ಉಳಿಸಿತು ಎಂಬುದೂ ಆಗ ಗೊತ್ತಿರಲಿಲ್ಲ.

ಹದಿನಾಲ್ಕನೆಯ ದಿನ ಕಾಲುವೆ ಮುಚ್ಚಿ, ಮೇಲಿನ ಊರುಗಳಿಂದ ಬಂಡಿಯಲ್ಲಿ ನೀರು ತರಿಸಿದರು. ರೋಗ ನಿಂತಿತು. ಊರು ದೇವರಿಗೆ ಕೈಮುಗಿಯಿತು.

ಅಲ್ಲಿಂದ ಈತನಕ ಬಂಡಿಯ ನೀರೇ. ನಾಳೆ ಬೆಳಿಗ್ಗೆ ಕಾಲುವೆಯನ್ನು ಮತ್ತೆ ತೆರೆಯುತ್ತಾರೆ. ಐದು ದಿನದ ಹಿಂದೆ ನನಗೆ ಹೊಸ ಕಾಗದ ಬಂತು, ಇವತ್ತು ಸಂಜೆ ಸಾರುವುದಕ್ಕೆ. "ಕಳೆದ ಸಲ ಜನರ ಅಜಾಗರೂಕತೆಯಿಂದ ಹಾನಿಯಾಗಿದೆ. ಈ ಸಲವಾದರೂ ನೀರನ್ನು ಕಾಯಿಸಿ ಕುಡಿಯಿರಿ. ಆತಂಕ ಪಡುವ ಅಗತ್ಯವಿಲ್ಲ." ಅಜಾಗರೂಕತೆ ಎಂಬ ಪದ ಓದಿದಾಗ ನನಗೆ ಎರಡು ದಿನ ಕಾಯ್ದ ಗಡಿಗೆ ಕಣ್ಣಮುಂದೆ ಬಂತು. ಕಾಗದ ಹಿಡಿದು ದವಾಖಾನೆಗೆ ಹೋದೆ. ಅಲ್ಲಿನ ದಾದಿ ಖಾಜಾಬಿ ಅಕ್ಕ, ಗುಡ್ಡದ ಕಡೆಯವಳು, ಒಲೆಯ ಊರಿನವಳು.

"ಅಕ್ಕಾ, ನಾವು ಕಾಯಿಸೇ ಕುಡದೀವಲ್ಲ, ಮತ್ತ ಯಾಕ ಹಿಂಗ ಬರದಾರ?" ಎಂದೆ.

ಅವಳು ಕಾಗದ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಇನ್ನೂ ಕಾಯಿಸಿ ಅಂತಾನ ಐತೇನಬೇ ಇದರಾಗ? ತಿದ್ದಿಲ್ಲೇನು?"

"ಏನು ತಿದ್ದೋದು?"

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ರೋಗದ ಮೂರನೆಯ ದಿನ ಅವಳು ಮನೆಮನೆ ತಿರುಗಿದ್ದಳಂತೆ. ನೀರು ಕಾಯಿಸೀರೇನು ಎಂದು ಕೇಳಿದರೆ ಎಲ್ಲರೂ "ಹ್ಞೂ ನಮ್ಮವ್ವ, ನಿನ್ನಿಯಿಂದ ಕಾಯಿಸೀವಿ" ಎಂದರಂತೆ. ನಿನ್ನೆಯಿಂದ ಕಾಯಿಸುವ ನೀರು ಯಾವುದಪ್ಪಾ ಎಂದು ಒಂದು ಮನೆಯಲ್ಲಿ ಗಡಿಗೆಗೆ ಕೈ ಹಾಕಿದಳು. ನೀರು ತಣ್ಣಗೆ ಕೊರೆಯುತ್ತಿತ್ತು. ಅಲ್ಲಿಂದ ಕಚೇರಿಗೆ ಓಡಿದಳು. ಹೊಣೆಗಾರರು ತಲೆಯ ಮೇಲೆ ಕೈಹೊತ್ತು, ಈಗಲೇ ತಿದ್ದಿಸುತ್ತೇನೆ ಎಂದರು. ಅವತ್ತೇ ಅವಳನ್ನು ಊರ ಹೊರಗಿನ ರೋಗಿಗಳ ಶೆಡ್ಡಿನ ಆರೈಕೆಗೆ ಹಾಕಿದರು. ಅಲ್ಲಿಂದ ಯಾರೂ ಹೊರಗೆ ಬರುವಂತಿರಲಿಲ್ಲ. ಅವಳು ಬರುವಷ್ಟರಲ್ಲಿ ಕಾಲುವೆ ಮುಚ್ಚಿತ್ತು. ತಿದ್ದಿರುತ್ತಾರೆ ಎಂದೇ ಅವಳು ನಂಬಿದ್ದಳು.

"ನಾ ಗಡಿಗ್ಯಾಗ ಕೈ ಹಾಕಿ ನೋಡಿದ್ನಬೇ" ಎಂದು ಅದೇ ಮಾತನ್ನು ನಾಲ್ಕು ಸಲ ಹೇಳಿದಳು.

ನಾನು ಸುಧೀಂದ್ರ ಅವರ ಬಳಿ ಹೋದೆ. ಅವರನ್ನು ರಾಕ್ಷಸರೆಂದು ಬರೆಯಲು ಕೈ ಬರುವುದಿಲ್ಲ. ಆ ಹದಿನಾಲ್ಕು ದಿನ ಅವರೂ ಮಲಗಿದ್ದನ್ನು ನಾನು ನೋಡಿಲ್ಲ. ನನ್ನನ್ನು ಕೂರಿಸಿ, ಚಹಾ ತರಿಸಿದರು. ನಾನು ಮುಟ್ಟಲಿಲ್ಲ.

"ನೋಡಮ್ಮ, ಮೂರನೇ ದಿನ ನಾವು ಮೀಟಿಂಗ್ ಮಾಡಿದ್ವಿ. ನಾವೇ ತಪ್ಪು ಹೇಳಿದ್ವಿ ಅಂತ ಆ ಗಲಾಟೆಯಲ್ಲಿ ಹೇಳಿದ್ರೆ ಜನ ಮುಂದೆ ಯಾವುದನ್ನೂ ನಂಬಲ್ಲ. ಲಸಿಕೆಗೂ ಬರಲ್ಲ. ಸ್ವಲ್ಪ ಕಾಯೋಣ ಅಂತ ತೀರ್ಮಾನ ಆಯ್ತು."

"ಹಂಗಾದ್ರ ಈ ಸಲನಾದ್ರೂ ಕುದಿಸಿ ಅಂತ ಬರೀರಿ. ಕುದಿಸೋದು ಅಂದ್ರ ನಮಗ ತಿಳೀತದ."

"ಪದ ಬದಲಾಯಿಸಿದ ಕೂಡಲೇ, ಹೋದ ಸಲ ಯಾಕೆ ಹಾಗಂದಿರಿ ಅಂತ ಕೇಳ್ತಾರೆ. ಅಲ್ಲದೆ ನಾವು ಬರೆದದ್ದು ತಪ್ಪೇ ಅಲ್ಲ, ನೋಡು ಬೇಕಾದ್ರೆ."

ಕಪಾಟಿನಿಂದ ನಿಘಂಟು ತೆಗೆದು ತೋರಿಸಿದರು. ಕಾಯಿಸು: ಬಿಸಿಮಾಡು. ಅದರ ಕೆಳಗೆ ಅವರ ಹೆಬ್ಬೆರಳು ಇತ್ತು. ಬೆರಳು ತೆಗೀರಿ ಎಂದೆ. ತೆಗೆದರು. ಎರಡನೆಯ ಅರ್ಥ ಅಲ್ಲೇ ಇತ್ತು: ಕಾಯುವಂತೆ ಮಾಡು.

ನಾನು ಎದ್ದು ಬಂದೆ. ಬಾಗಿಲ ಬಳಿ ಅವರು, "ಕಾಗದದಲ್ಲಿ ಇಲ್ಲದ್ದನ್ನ ಸಾರಿದ್ರೆ ಆ ಕಟ್ಟೆ ಹತ್ತೋಕೆ ಮತ್ತೆ ಆಗಲ್ಲ, ಗೊತ್ತಲ್ಲ" ಎಂದರು. ಗೊತ್ತು. ನನಗೆ ಬರುವ ಕೆಲಸ ಇದೊಂದೇ.

ನಂಬಿಕೆ ಹೋಗುತ್ತದೆ ಎಂದು ನೀವೂ ಹೆದರುತ್ತೀರಿ, ಪೆಟ್ಟಿಗೆ ಓದಿದವಳಿಗೆ ಅದು ತಿಳಿಯುತ್ತದೆ. ನಾನು ಕೇಳುತ್ತೇನೆ: ಅತ್ತೆಗಿಂತ ಹೆಚ್ಚು ನಿಮ್ಮನ್ನು ನಂಬುವವರು ಯಾರು ಬೇಕು? ನೀವು ಕಾಯಿಸಿ ಎಂದಿದ್ದಕ್ಕೆ ಅವಳು ಒಂದರ ಬದಲು ಎರಡು ದಿನ ಕಾಯಿಸಿದಳು. ನಂಬಿಕೆ ಇತ್ತು. ಅದನ್ನು ಇಟ್ಟುಕೊಂಡು ನೀವು ಮಾಡಿದ್ದೇನು? ತಪ್ಪು ಒಪ್ಪಿಕೊಂಡರೆ ಜನ ನಗಬಹುದು, ಬೈಯಬಹುದು, ಕಲ್ಲು ಕೂಡ ಬೀಳಬಹುದು. ಕಲ್ಲು ಬಿದ್ದ ಮನುಷ್ಯ ಮರುದಿನ ಅದೇ ಕಟ್ಟೆಗೆ ಬಂದು ನಿಂತರೆ ಅವನ ಮಾತಿಗೆ ಮೊದಲಿಗಿಂತ ಹೆಚ್ಚು ಬೆಲೆ. ಜನರಿಗೆ ಸತ್ಯ ತಡೆಯಲಾಗುವುದಿಲ್ಲ ಎಂದು ಯಾರು ಹೇಳಿದರು ನಿಮಗೆ? ಅರವತ್ತಮೂರು ಹೆಣ ಹೊತ್ತ ಹೆಗಲುಗಳು ಒಂದು ವಾಕ್ಯವನ್ನು ಹೊರಲಾರವೇ? ಗೊತ್ತಿಲ್ಲ ಎನ್ನಲು ನಾಚಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವಾಗ ನಾಚಿ. ಮಾತನ್ನು ಬರೆಯುವ ಮೊದಲು ಕೇಳುವವರ ಮನೆಗೆ ಹೋಗಿ ಅವರ ಗಡಿಗೆಗೆ ಕೈ ಹಾಕಿ. ತಪ್ಪನ್ನು ಎಲ್ಲಿ ನಿಂತು ಹೇಳಿದಿರೋ ಅಲ್ಲೇ ನಿಂತು, ಅದೇ ದನಿಯಲ್ಲಿ, ಅದೇ ಹೊತ್ತಿಗೆ ತಿದ್ದಿ. ಮೂಲೆಯಲ್ಲಿ ಅಂಟಿಸಿದ ಚೀಟಿ ತಿದ್ದುಪಡಿಯಲ್ಲ. ಮತ್ತು ಜನರ ಅಜಾಗರೂಕತೆ ಎಂದು ಬರೆಯುವ ಕೈಯನ್ನು ಯಾರಾದರೂ ಹಿಡಿದುಕೊಳ್ಳಿ. ನನ್ನ ಅತ್ತೆ ತಾನೇ ತಪ್ಪಿತಸ್ಥೆ ಎಂದುಕೊಂಡು ಸತ್ತಳು. ಅದನ್ನು ತಿದ್ದಲು ನನಗೆ ಈಗ ಯಾವ ಕಂಬವೂ ಇಲ್ಲ.

ಇವತ್ತು ಸಂಜೆ ಏನಾಗುತ್ತದೆ ಎಂದು ಹೇಳುತ್ತೇನೆ. ಕಚೇರಿಯ ಕಾಗದವನ್ನು ನಾನು ಓದುವುದಿಲ್ಲ. ಓದುವುದಿಲ್ಲ ಎಂದು ನಿನ್ನೆಯೇ ಅವರಿಗೆ ಬರೆದು ಕೊಟ್ಟಿದ್ದೇನೆ, ಬೇರೆಯವರನ್ನು ಹುಡುಕಿಕೊಳ್ಳಲಿ ಎಂದು. ಯಾರೂ ಸಿಕ್ಕಿಲ್ಲ. ಮಾರ್ಕಂಡಪ್ಪಜ್ಜನನ್ನು ಕೇಳಿದರಂತೆ. "ಮರುನುಡಿ ಐತೇನು? ಇಲ್ಲಂದ್ರ ನನ್ನ ಬಾಯಾಗ ಹಲ್ಲಿಲ್ಲ ಅಂತ ತಿಳೀರಿ" ಎಂದನಂತೆ. ನಾನು ಹೇಳುವುದು ಹೀಗೆ: ಹೋದ ವರ್ಷ ನಾನು ಕಾಯಿಸಿ ಎಂದೆ, ಅದು ತಪ್ಪಾಗಿ ತಲುಪಿತು, ನೀವು ಯಾರೂ ತಪ್ಪು ಮಾಡಿಲ್ಲ. ಮೂರನೆಯ ದಿನವೇ ಕಚೇರಿಗೆ ಗೊತ್ತಿತ್ತು. ನಾನು ಕೇಳಿ ತಿಳಿದುಕೊಳ್ಳಬೇಕಿತ್ತು, ಕೇಳಲಿಲ್ಲ, ಕ್ಷಮಿಸಿ. ನಾಳೆಯಿಂದ ನೀರನ್ನು ಕುದಿಸಬೇಕು, ಗುಳ್ಳೆ ಏಳುವ ತನಕ. ಮಧ್ಯಾಹ್ನದ ಊಟ ಮುಗಿದ ಮೇಲೆ ಎಲ್ಲ ಕೂಡಡಿಗೆಗಳಲ್ಲೂ ಕುದಿಸಿ ಕೊಡುತ್ತಾರೆ, ಗಡಿಗೆ ತನ್ನಿ. ಇದನ್ನು ಖಾಜಾಬಿ ಅಕ್ಕ ಓಣಿ ಓಣಿ ತಿರುಗಿ ಅಡಿಗೆಯವರ ಬಳಿ ಒಪ್ಪಿಸಿದ್ದಾಳೆ. ಕಾಲುವೆಯಲ್ಲಿ ರೋಗ ಇನ್ನೂ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಗೊತ್ತಾದ ದಿನ ಇಲ್ಲೇ ಹೇಳುತ್ತೇವೆ. ನಾನಿಲ್ಲದಿದ್ದರೆ ಖಾಜಾಬಿ ಅಕ್ಕ ಹೇಳುತ್ತಾಳೆ.

ಆಮೇಲೆ ಮೂವರ ಕಡೆ ಬೆರಳು ತೋರಿಸುತ್ತೇನೆ. ಮೂರನೆಯ ಬೆರಳು ಸುಧೀಂದ್ರ ಅವರ ಕಡೆಗೆ. ಎದ್ದು ನಿಂತು ತಮ್ಮ ಮಾತಿನಲ್ಲಿ ಹೇಳಲಿ.

ಹರಿದ ತಲೆಬರಹದ ಆ ಕಾಗದಕ್ಕೆ ಸಹಿ ಮಾಡಿದವರೇ, ನಿಮಗೊಂದು ಕೋರಿಕೆ. ನಿಮ್ಮ ಕಾಲದಲ್ಲೂ ಒಂದು ಸಂಜೆ, ಒಂದು ಮೈಕು, ಇನ್ನೂ ತಿದ್ದದ ಒಂದು ಪದ ಇದ್ದೇ ಇರುತ್ತದೆ. ಅಲ್ಲಿ ನೀವು ನಿಲ್ಲಿ, ಇಲ್ಲಿ ನಾನು ನಿಲ್ಲುತ್ತೇನೆ. ಒಬ್ಬಳೇ ಇದ್ದೇನೆ ಎಂದು ನನಗೆ ಅನ್ನಿಸದಿರಲಿ. ನಮಗೆ ಫೆಬ್ರವರಿ ಮೂವತ್ತು, ನಿಮಗೆ ಮಾರ್ಚ್ ಎರಡು. ಕಟ್ಟೆಯ ಮೇಲೆ, ಸಂಜೆ ಸರಿಯಾಗಿ ನಾಲ್ಕೂವರೆಗೆ.

ಕಾಯಿಸಬೇಡಿ.

ಹುಲಿಗೆಮ್ಮ